ಕೆಲಸವಿಲ್ಲದ ತಂತಿ

ನಮ್ಮ ನಾಲ್ಕು ಮನೆಗೆ ಇರುವುದು ಒಂದೇ ಬಚ್ಚಲು. ಅದರಲ್ಲಿ ಒಂದು ಹಳೆಯ ಷವರ್. ಗೋಡೆಗೆ ಕೂರಿಸಿದ ತಗಡಿನ ಪೆಟ್ಟಿಗೆ ಕರೆಂಟಿನಲ್ಲಿ ನೀರು ಕಾಯಿಸುತ್ತದೆ. ಕೆಳಗಿನ ಹಿತ್ತಾಳೆ ನಲ್ಲಿ ಮುಟ್ಟಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಅದಕ್ಕೇ ಬಾಗಿಲ ಪಕ್ಕ ಒಂದು ಮರದ ಸೌಟು ನೇತುಹಾಕಿದ್ದೇವೆ. ನಲ್ಲಿಯ ಕಿವಿಯನ್ನು ಅದರಿಂದಲೇ ತಳ್ಳಬೇಕು.

ಷವರಿಗೆ ನಾವಿಟ್ಟ ಹೆಸರು ಅತ್ತೆ.

"ಅತ್ತೆ ಹೇಗಿದ್ದಾಳೆ ಇವತ್ತು?"

"ಸಿಟ್ಟಲ್ಲಿದ್ದಾಳೆ. ಸೌಟು ತಗೊಂಡೇ ಹೋಗು."

ನಗದೆ ಏನು ಮಾಡುವುದು? ಬಿಸಿನೀರಿನ ಷವರ್ ಇದೆ ಎಂದೇ ಮಾಲೀಕ ನಮ್ಮಿಂದ ಹೆಚ್ಚು ಬಾಡಿಗೆ ಕೀಳುತ್ತಿದ್ದ. ದೂರು ಹೇಳಿದರೆ ಅವನದು ಒಂದೇ ಮಾತು: "ಒದ್ದೆ ಕೈಯಲ್ಲಿ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಲಿ?"

ಒಣಗಿದ ಕೈಯಲ್ಲಿ ಸ್ನಾನ ಮಾಡುವ ವಿದ್ಯೆ ಅವನೊಬ್ಬನಿಗೇ ಗೊತ್ತಿರಬೇಕು.

ಪಕ್ಕದ ಮನೆಯ ಹೊಲಿಗೆಯಕ್ಕನ ಮಗಳು ಹೆತ್ತಳು. ಮಾರನೆಯ ದಿನ ಆಸ್ಪತ್ರೆಯಿಂದ ಕೂಸಿನ ಜೊತೆ ಬರುವವಳಿದ್ದಳು. ಅಕ್ಕನ ನಗು ನಿಂತುಹೋಯಿತು. "ಅವಳಿಗೆ ನೆಟ್ಟಗೆ ನಿಲ್ಲೋಕೂ ಶಕ್ತಿ ಇಲ್ಲ. ಕಾಲು ಜಾರಿ ನಲ್ಲಿ ಹಿಡ್ಕೊಂಡ್ರೆ?" ಎಂದಳು. ಎಲ್ಲರೂ ಸೇರಿ ಮಾಲೀಕನ ಬಾಗಿಲು ಬಡಿದೆವು.

ಅವನು ಗೊಣಗುತ್ತ ತನ್ನ ಪರಿಚಯದ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ. "ಎಲ್ಲ ಸರಿ ಇದೆ ಅಂತ ಇವರಿಗೊಂದು ಮಾತು ಹೇಳಿ ಹೋಗಪ್ಪ."

ಎಲೆಕ್ಟ್ರಿಷಿಯನ್ ಮಾಲೀಕನ ಮುಖ ನೋಡಿದ. "ಹಳೇದಲ್ವಾ, ಸ್ವಲ್ಪ ಜುಮ್ ಅನ್ನುತ್ತೆ, ಬಿಡಿ," ಎಂದ.

ನನಗೆ ರೇಗಿತು. ಸೌಟು ತೆಗೆದು ಕಂಕುಳಲ್ಲಿಟ್ಟುಕೊಂಡೆ. "ಹಾಗಾದ್ರೆ ನೀನೇ ತಿರುಗಿಸು ಗುರುವೇ. ಬರಿಗೈಯಲ್ಲಿ."

ಅವನು ಚಾಚಿದ ಕೈ ಅರ್ಧದಲ್ಲೇ ನಿಂತಿತು. ಜೇಬಿನಿಂದ ಟೆಸ್ಟರ್ ತೆಗೆದು ನಲ್ಲಿಗೆ ಮುಟ್ಟಿಸಿದ. ಅದರ ಪುಟ್ಟ ದೀಪ ಕಣ್ಣು ಬಿಟ್ಟಿತು. ಅವನೂ ಕಣ್ಣು ಬಿಟ್ಟ. ಬಚ್ಚಲಿನ ಮೇನ್ ಆಫ್ ಮಾಡಿ ಪೆಟ್ಟಿಗೆ ಬಿಚ್ಚಿದ.

"ಅರ್ಥ್ ತಂತೀನೇ ಇಲ್ವಲ್ಲ! ಸೋರಿದ ಕರೆಂಟು ನೆಲಕ್ಕೆ ಹೋಗೋ ದಾರಿ ಅದು. ಅದಿಲ್ಲಾಂದ್ರೆ ಮುಟ್ಟಿದವರ ಮೈಯೇ ದಾರಿ. ದಪ್ಪನೆ ಹಸಿರು ತಂತಿ ಇರಬೇಕಿತ್ತು. ಯಾರು ಕಿತ್ತಿದ್ದು?"

ಎಲ್ಲರ ಕಣ್ಣೂ ಹಿತ್ತಲಿಗೆ ಹೋಯಿತು. ಅಲ್ಲಿ ನಾಲ್ಕು ಮನೆಯ ಬಟ್ಟೆಯೂ ಒಂದು ಹಸಿರು ತಂತಿಯ ಮೇಲೆ ಒಣಗುತ್ತಿತ್ತು. ಹೋದ ವರ್ಷ ಮಾಲೀಕನೇ ಸ್ಟೂಲು ಹತ್ತಿ ಕಟ್ಟಿದ್ದ. "ಇದಕ್ಕೆ ಕಾಸು ಕೇಳಲ್ಲ, ನನ್ನ ಕೊಡುಗೆ," ಎಂದಿದ್ದ. ನಾವು ಹಲ್ಲು ಕಿರಿದು ಕೈ ಮುಗಿದಿದ್ದೆವು. ಷವರ್ ಅತ್ತೆಯಾದದ್ದು ಆಮೇಲೆ.

ಮಾಲೀಕ ನಾಚಲಿಲ್ಲ. "ಗೋಡೆ ಮೇಲೆ ಸುಮ್ಮನೆ ಬಿದ್ದಿತ್ತು. ಕೆಲಸಕ್ಕೆ ಹಚ್ಚಿದೆ. ತಪ್ಪಾ?"

"ಹೊಸ ತಂತಿ, ಕರೆಂಟು ಸೋರಿದ್ರೆ ತಾನೇ ಟ್ರಿಪ್ ಆಗೋ ಸ್ವಿಚ್ಚು ಹಾಕ್ಬೇಕು ಸಾರ್. ಅಲ್ಲೀವರೆಗೂ ನಾನು ಮೇನ್ ಹಾಕಲ್ಲ." ಈ ಸಲ ಎಲೆಕ್ಟ್ರಿಷಿಯನ್ ಮಾಲೀಕನ ಮುಖ ನೋಡಲಿಲ್ಲ.

"ಮುಂದಿನ ತಿಂಗಳು ನೋಡೋಣ," ಎಂದು ಮಾಲೀಕ ಊಟಕ್ಕೆ ಹೋದ.

ಹೊಲಿಗೆಯಕ್ಕ ಹಿತ್ತಲಿಗೆ ನಡೆದು ತನ್ನ ಒದ್ದೆ ಹೊದಿಕೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು. ನಮಗೆ ಅರ್ಥವಾಯಿತು. ಒಬ್ಬೊಬ್ಬರೂ ತಮ್ಮ ಬಟ್ಟೆ ಬಾಚಿಕೊಂಡು ಅವಳ ಹಿಂದೆ ಹೊರಟೆವು.

ಮಾಲೀಕ ಕೈ ತೊಳೆದು ಬರುವಷ್ಟರಲ್ಲಿ ಅವನ ಜಗುಲಿಯ ಗ್ರಿಲ್ ತುಂಬ ನಮ್ಮ ಲಂಗ, ಚಡ್ಡಿ, ಹೊದಿಕೆ. ಗಾರೆ ಕಲೆ ಬಿಡದ ನನ್ನ ಪ್ಯಾಂಟು ಅವನ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿತ್ತು. ನೀರು ತೊಟ್ಟಿಕ್ಕುತ್ತಿತ್ತು. ಬೀದಿಯವರು ನಿಂತು ನೋಡುತ್ತಿದ್ದರು.

"ಏನ್ರೀ ಇದು?"

"ನಿಮ್ಮ ಗ್ರಿಲ್ಲು ಸುಮ್ಮನೆ ನಿಂತಿತ್ತು ಸ್ವಾಮಿ. ಕೆಲಸಕ್ಕೆ ಹಚ್ಚಿದ್ವಿ," ಎಂದಳು ಹೊಲಿಗೆಯಕ್ಕ, ಟವೆಲ್ ಕೊಡವುತ್ತ. ಎರಡು ಹನಿ ಅವನ ಕನ್ನಡಕದ ಮೇಲೆ ಬಿದ್ದವು. "ನಾಳೆಯಿಂದ ಕೂಸಿನ ಬಟ್ಟೇನೂ ಇಲ್ಲೇ. ಬಾಣಂತಿ ಸ್ನಾನ ನಿಮ್ಮ ಬಚ್ಚಲಲ್ಲಿ. ಮಧ್ಯಾಹ್ನ ಅದೂ ಸುಮ್ಮನೇ ಇರುತ್ತಲ್ವಾ?"

ಮಾಲೀಕ ಕನ್ನಡಕ ತೆಗೆದು ಒರೆಸಿಕೊಂಡ.

ಮೆಟ್ಟಿಲ ಮೇಲೆ ಕೂತಿದ್ದ ಎಲೆಕ್ಟ್ರಿಷಿಯನ್ ಕೆಮ್ಮಿದ.

"ತಂತಿ ಎಷ್ಟು ಮೀಟರ್ ತರ್ಲಿ ಸಾರ್?"