ಒರೆಯ ಬಾಯಿ

"ಮುಟ್ಟಬೇಡಿ ಅಮ್ಮಾ, ಇವತ್ತು ಬರೀ ನೋಡಿ," ಎನ್ನುತ್ತ ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಬಟ್ಟೆಯ ಮಡಿಕೆ ಬಿಡಿಸಿದ.

ಅವಳು ಕನ್ನಡಕ ಹುಡುಕುವವಳ ಹಾಗೆ ಚೀಲದೊಳಗೆ ಕೈ ಹಾಕಿದಳು. ಕನ್ನಡಕವೇನೂ ಬೇಕಿರಲಿಲ್ಲ. ಮಡಿಕೆ ಪೂರ್ತಿ ಬಿಚ್ಚುವ ಮೊದಲೇ ಆ ಬಯೋನೆಟ್ಟಿನ ಬೆನ್ನ ಮೇಲಿದ್ದ ಗರಗಸದ ಹಲ್ಲು ಕಂಡು ಗುರುತು ಹತ್ತಿತ್ತು. ಬಂದೂಕಿನ ಮೂತಿಗೆ ಸಿಕ್ಕಿಸುವ ಇಂಥ ಹಳೇ ಕತ್ತಿಗಳನ್ನು ಗುರುತು ಹಿಡಿದು ಬೆಲೆ ಕಟ್ಟುವುದು ಅವಳ ಅಪ್ಪನ ಕಸುಬು, ಅಪ್ಪ ಹೋದಮೇಲೆ ಅವಳದ್ದು. ಪೇಟೆಯವರಿಗೆಲ್ಲ ಅವಳು ಅಂಗಡಿ ಅಕ್ಕ. ಯಾರ ಅಟ್ಟದಲ್ಲಿ ಸೈನ್ಯದ ಸಾಮಾನು ಸಿಕ್ಕಿದರೂ ಮೊದಲು ಬರುತ್ತಿದ್ದುದು ಅವಳ ಬಳಿಗೇ. ಪೊಲೀಸಿನವರು ಕರೆಸಿದ್ದೂ ಅದಕ್ಕೇ.

"ದಲ್ಲಾಳಿ ಕೋಣೇಲಿ ಸಿಕ್ಕಿದ್ದು," ಎಂದ ಇನ್ಸ್‌ಪೆಕ್ಟರ್. ದಲ್ಲಾಳಿ ಎಂದರೆ ಹಳೇ ಆಯುಧಗಳನ್ನು ಅಲ್ಲಿಂದ ತಂದು ಇಲ್ಲಿಗೆ ದಾಟಿಸುತ್ತಿದ್ದ ಮನುಷ್ಯ. ಹೊಟ್ಟೆಗೆ ತಿವಿಸಿಕೊಂಡು ಸತ್ತಿದ್ದ. "ಇದು ಹೆಣದ ಪಕ್ಕ ಬಿದ್ದಿರಲಿಲ್ಲ ನೋಡಿ. ಬೇರೆ ಕತ್ತಿಗಳ ಜೊತೆ ನೀಟಾಗಿ ಶೆಲ್ಫಿನ ಮೇಲೆ, ಒರೆಯೊಳಗೆ. ಡಾಕ್ಟರು ಗಾಯ ನೋಡಿ, ಹಲ್ಲಿರೋ ಕತ್ತಿ ಹುಡುಕ್ರಪ್ಪ ಅಂದಮೇಲೆ ಸಿಕ್ತು. ಅಲಗು ಫಳಫಳ ಅಂತಿದೆ. ಹಲ್ಲಿನ ಸಂದೀಲಿ ಮಾತ್ರ ರಕ್ತ. ಕೊಂದೋನು ಕೂತ್ಕೊಂಡು ಒರೆಸಿದ್ದಾನೆ ಅಮ್ಮಾ! ನನ್ನ ಸರ್ವೀಸಲ್ಲಿ ಇಂಥ ಶಿಸ್ತಿನ ಕೊಲೆಗಾರನ್ನ ನೋಡಿಲ್ಲ."

ಅವನು ನಕ್ಕ. ಆಮೇಲೆ ಡ್ರಾಯರಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಬೆಳಕಿಗೆ ಹಿಡಿದ. ಒಳಗೆ ಬಟ್ಟೆಯ ಕಿರಿದಾದ ಪಟ್ಟಿ. ಕರ್ಚೀಫಿನ ಅಂಚು ಹರಿದದ್ದು. ಗಂಟನ್ನು ಬಿಚ್ಚಿರಲಿಲ್ಲ, ಪಟ್ಟಿಯನ್ನು ಹಿಂದುಗಡೆ ಕತ್ತರಿಸಿ ತೆಗೆದಿದ್ದರು.

"ಒರೆಯ ಬಾಯಿಗೆ ಇದನ್ನ ಸುತ್ತಿ ಕಟ್ಟಿತ್ತು. ಅಲ್ಲಿದ್ದ ಬೇರೆ ಯಾವುದಕ್ಕೂ ಇಲ್ಲ. ಯಾಕಿರಬಹುದು?"

"ಗೊತ್ತಿಲ್ಲ ಸಾರ್," ಎಂದಳು ಅವಳು.

ಗೊತ್ತಿಲ್ಲವಂತೆ! ನಡೆಯಲು ಕಲಿತ ಮೇಲೆ ಅವಳು ಕಲಿತ ಮೊದಲ ಕೆಲಸವೇ ಅದು. ಒರೆಸು, ಒರೆಗೆ ಹಾಕು, ಬಾಯಿ ಕಟ್ಟು. ಅಪ್ಪನಿಗೆ ಬೇರೆ ಮಂತ್ರ ಬರುತ್ತಿರಲಿಲ್ಲ. ಬೆರಳ ಬೆವರು ತಾಗಿದ ಕಬ್ಬಿಣ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ ಎಂದು ಅಲಗನ್ನು ಹಿಡಿಯಿಂದ ಮೊನೆಯವರೆಗೆ ಒರೆಸಿಸುತ್ತಿದ್ದ. ತೇವದ ಗಾಳಿ ಹೋಗದಿರಲಿ ಎಂದು ಒರೆಯ ಬಾಯಿಗೆ ಬಟ್ಟೆಪಟ್ಟಿ ಕಟ್ಟಿಸುತ್ತಿದ್ದ. ಅಪ್ಪ ಎಡಗೈಯವನು, ಅವನ ಗಂಟಿನ ಬಾಲ ಎಡಕ್ಕೆ ಬೀಳುತ್ತಿತ್ತು. ಅವನನ್ನು ನೋಡಿ ಕಲಿತ ಮಕ್ಕಳಿಬ್ಬರದೂ ಎಡಕ್ಕೇ. ಕವರಿನೊಳಗಿನ ಗಂಟಿನ ಬಾಲವೂ ಎಡಕ್ಕಿತ್ತು. ಆ ಗಂಟು ಹಾಕುವವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದರು, ಅವಳು ಮತ್ತು ಅವಳ ತಮ್ಮ.

"ಲ್ಯಾಬಿನವರು ಇನ್ನೊಂದ್ಸಲ ನೋಡಬೇಕಂತೆ. ನಾಳೆ ನಿಮ್ಮ ಮಸೂರ, ಅಳತೆಪಟ್ಟಿ ಎಲ್ಲಾ ತಂದು ಕೂತು ನೋಡಿ. ಯಾವ ಕಾಲದ್ದು, ಎಷ್ಟು ಬಾಳುತ್ತೆ, ಎಲ್ಲ ರಿಪೋರ್ಟಿಗೆ ಬೇಕು," ಎಂದ ಇನ್ಸ್‌ಪೆಕ್ಟರ್.

ಹೊರಗೆ ಬೆಂಚಿನ ಮೇಲೆ ಗಾಡಿಯವ ಕೂತಿದ್ದ. ಪೇಟೆಯ ಅಂಗಡಿಗಳಿಗೆಲ್ಲ ಸಾಮಾನು ಎಳೆದು ಹಾಕುವವನು. ಅವಳ ಅಂಗಡಿಯ ದೊಡ್ಡ ಕಪಾಟನ್ನು ಮಹಡಿಗೆ ಏರಿಸಿದವನೂ ಅವನೇ. ಕೊಲೆಯ ಮಾರನೇ ಬೆಳಿಗ್ಗೆ ಸಾಮಾನು ಎತ್ತಲು ಹೋಗಿ ಹೆಣ ನೋಡಿದವನು ಅವನು, ಅಂಗಿಗೆ ರಕ್ತ ಹತ್ತಿತ್ತು, ಪೊಲೀಸರಿಗೆ ಅಷ್ಟು ಸಾಕಾಯಿತು. ಅವನ ಬಲಗೈಯ ಬೆರಳುಗಳು ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಅಕ್ಕಾ, ಜೀವ ಇದೆ ಅಂದ್ಕೊಂಡು ಎತ್ತೋಕೆ ಹೋದೆ," ಎಂದ. "ನಾನು ಎಂಥವನು ಅಂತ ನಿಮಗೆ ಗೊತ್ತಲ್ಲಾ, ಸಾಹೇಬರಿಗೆ ಒಂದು ಮಾತು ಹೇಳಿ ಅಕ್ಕಾ."

ಅವಳು ತಲೆ ಅಲ್ಲಾಡಿಸಿದಳು. ಹೇಳುತ್ತೇನೆ ಎಂದೋ ಇಲ್ಲ ಎಂದೋ ಅವನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಲ್ಲ.

ಅಂಗಡಿಯಲ್ಲಿ ತಮ್ಮ ಒಂದು ಹಿತ್ತಾಳೆಯ ಹಿಡಿಯನ್ನು ತಿಕ್ಕುತ್ತ ಕೂತಿದ್ದ. ಆಗಲೇ ಮಿರುಗುತ್ತಿದ್ದುದನ್ನೇ ಮತ್ತೆ ತಿಕ್ಕುತ್ತಿದ್ದ. ಅವಳು ಒಳಗೆ ಬಂದು ಬಾಗಿಲು ಮುಚ್ಚಿ ಚಿಲಕ ಹಾಕಿದಳು.

"ಏನಂತಕ್ಕಾ?"

"ನಾಳೆ ಹೋಗಿ ಬೆಲೆ ಕಟ್ಟಬೇಕಂತೆ."

"ಏನಂತ ಹೇಳ್ತೀಯ?"

"ಯಾಕೋ ಒರೆಸಿದೆ?"

ತಿಕ್ಕುವ ಕೈ ನಿಂತಿತು. ಅವನು ಸುಳ್ಳು ಹೇಳುತ್ತಾನೇನೋ ಎಂದು ಅವಳು ಕಾದಳು. ಹೇಳಿದ್ದರೆ ನಂಬಿಬಿಡುತ್ತಿದ್ದಳು, ದೇವರಾಣೆ ನಂಬುತ್ತಿದ್ದಳು.

"ಕೈ ತಾನಾಗೇ ಹೋಯ್ತಕ್ಕಾ," ಎಂದ ಅವನು. "ಅವನು ಬಿದ್ದ. ನಾನು ನಿಂತೇ ಇದ್ದೆ. ಆಮೇಲೆ ನೋಡ್ತೀನಿ, ಕರ್ಚೀಫಲ್ಲಿ ಒರೆಸ್ತಾ ಇದ್ದೀನಿ. ಹಂಗೇ ಇಟ್ರೆ ಅಪ್ಪ ಬೈತಾನೆ ಅನ್ನಿಸ್ತು. ಅಪ್ಪ ಸತ್ತಿದ್ದಾನೆ ಅನ್ನೋದೇ ನೆನಪಿರಲಿಲ್ಲ."

"ಅಲ್ಲಿಗೆ ಯಾಕೆ ಹೋಗಿದ್ದೆ?"

"ಇನ್ನು ಮೇಲೆ ಆ ಹೆಸರು ಹಿಡಿದು ಕರೀಬೇಡ ಅಂತ ಹೇಳೋಕೆ. ಅಷ್ಟೇ ಅಕ್ಕಾ, ಬೇರೆ ಏನೂ ಇಲ್ಲ. ಬಾಗಿಲು ತೆಗೆದೋನೇ, 'ಬಾರಪ್ಪಾ ಹಲ್ಲುಸೆಟ್ಟು' ಅಂದ. ಆ ಕತ್ತಿ ತಗೊಂಡು ನನ್ನ ಮುಂದೆ ಹಿಡಿದು, 'ಇದಕ್ಕೊಂದು ಮುತ್ತು ಕೊಡು' ಅಂದ. ಕಿತ್ಕೊಂಡೆ."

ಹಲ್ಲುಸೆಟ್ಟು. ಆ ಹೆಸರು ದಲ್ಲಾಳಿ ಇಟ್ಟದ್ದಲ್ಲ. ಇಟ್ಟವಳು ಅವಳೇ.

ತಮ್ಮ ಹಸುಗೂಸಾಗಿದ್ದಾಗಲೇ ತಾಯಿ ಹೋಗಿದ್ದಳು. ಎತ್ತಿ ಆಡಿಸಿದವಳು, ಉಣಿಸಿದವಳು ಅಕ್ಕ. ಬೆಳೆದು ಗಂಡಸಾದರೂ ಅಂಗಡಿಯಲ್ಲಿ ಅವನದು ಎತ್ತಿಕೊಡುವ, ಇಳಿಸಿಕೊಡುವ ಕೆಲಸವೇ ಆಗಿತ್ತು. ಗುರುತು ಹಿಡಿಯುವುದು, ಬೆಲೆ ಹೇಳುವುದು ಅಕ್ಕನದು. ಮೊನ್ನೆ ಮೊನ್ನೆ ಅವನು ಮೊಟ್ಟಮೊದಲ ಬಾರಿಗೆ ಅಕ್ಕನನ್ನು ಕೇಳದೆ, ಸ್ವಂತ ಬುದ್ಧಿಯಿಂದ ಒಂದು ಬಯೋನೆಟ್ ಕೊಂಡು ತಂದಿದ್ದ. ಬೆನ್ನಿಗೆ ಗರಗಸದ ಹಲ್ಲಿದ್ದದ್ದು. ಮರ ಕಡಿದು ದಾರಿ ಮಾಡುವ ಪಡೆಗಷ್ಟೇ ಕೊಡುತ್ತಿದ್ದ ಅಪರೂಪದ ಮಾಲು. ಅಂಗಡಿ ತುಂಬ ಗಿರಾಕಿಗಳು, ಮಾರಿದ ದಲ್ಲಾಳಿಯೂ ಜೊತೆಗಿದ್ದ. ಬಹುಮಾನ ತಂದ ಹುಡುಗನ ಹಾಗೆ ಅವನು ಅದನ್ನು ಅಕ್ಕನ ಮುಂದೆ ಚಾಚಿದ್ದ.

ಅವಳಿಗೆ ಮಸೂರವೂ ಬೇಕಾಗಲಿಲ್ಲ. ಅಲಗು ಹಳೆಯದು, ಸಾಚಾ. ಆದರೆ ಅಲಗಿನಲ್ಲೆಲ್ಲ ತುಕ್ಕು ತಿಂದ ಸಣ್ಣ ಗುಳಿಗಳಿದ್ದವು, ಹಲ್ಲಿನ ಸಂದಿಯಲ್ಲಿ ಒಂದೂ ಇರಲಿಲ್ಲ. ಸಾಧಾರಣ ಕತ್ತಿಗೆ ಈಚೆಗೆ ಯಾರೋ ಅರದಿಂದ ಹಲ್ಲು ಕೊರೆದಿದ್ದರು. ಹಾಗೆಂದು ಅವನನ್ನು ಒಳಗೆ ಕರೆದು ಮೆಲ್ಲಗೆ ಹೇಳಬಹುದಿತ್ತು. ಅವಳ ನಾಲಗೆ ಕಾಯಲಿಲ್ಲ. "ಅಯ್ಯೋ ಪೆದ್ದೇ, ಮುದುಕನಿಗೆ ಹಲ್ಲುಸೆಟ್ಟು ಕಟ್ಟಿಸಿ ತಂದಿದ್ದೀಯಲ್ಲೋ!" ಎಂದುಬಿಟ್ಟಳು. ಇಡೀ ಅಂಗಡಿ ನಕ್ಕಿತು. ದಲ್ಲಾಳಿ ಎಲ್ಲರಿಗಿಂತ ಜೋರಾಗಿ ನಕ್ಕು, ಮಾಲು ವಾಪಸು ತೆಗೆದುಕೊಂಡು ಹೋದ. ಸಂಜೆಯೊಳಗೆ ಪೇಟೆಗೆಲ್ಲ ತಮ್ಮ ಹಲ್ಲುಸೆಟ್ಟಾದ. ಟೀ ಅಂಗಡಿಯವನು "ಹಲ್ಲುಸೆಟ್ಟಿಗೆ ಒಂದು ಟೀ" ಎಂದು ಕೂಗುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲ್ಕು ದಿನ ನಕ್ಕು ಮರೆಯುತ್ತಾರೆ ಬಿಡು ಎಂದು ಅವಳೂ ಸುಮ್ಮನಿದ್ದಳು. ಅವನು ಊಟ ಬಿಟ್ಟು ಏಳುತ್ತಿದ್ದುದು ಕಾಣಿಸಿಯೂ ಕಾಣಿಸದವಳ ಹಾಗಿದ್ದಳು.

"ಗಾಡಿಯವನ್ನ ಹಿಡಿದಿದ್ದಾರೆ," ಎಂದಳು ಈಗ.

"ಗೊತ್ತು."

"ಬೆರಳು ಮುರಿದಿದ್ದಾರೆ ಕಣೋ."

ತಮ್ಮ ಮುಖವನ್ನು ಮೊಣಕಾಲ ನಡುವೆ ಹುದುಗಿಸಿದ. ಅವಳಿಗೆ ಅವನನ್ನು ಕಂಡು ಹೇಸಿಗೆಯಾಯಿತು, ಮರುಕವೂ ಆಯಿತು. ಹತ್ತಿರ ಹೋಗಿ ತಲೆಯ ಮೇಲೆ ಕೈ ಇಟ್ಟಳು. ಸಾಕಿದ ಕೈ, ಬೇರೆಲ್ಲಿಗೆ ಹೋಗುತ್ತದೆ?

"ಏಳು," ಎಂದಳು. "ಆ ಇನ್ಸ್‌ಪೆಕ್ಟರ್ ನಾಳೆ ಇಲ್ಲಿಗೂ ಬರ್ತಾನೆ. ಒಂದು ಗಂಟೂ ಉಳೀಬಾರದು."

ಗೋಡೆಯ ಮೇಲಿನ ಒರೆಗಳನ್ನೆಲ್ಲ ಇಳಿಸಿ ಇಬ್ಬರೂ ನೆಲದ ಮೇಲೆ ಎದುರುಬದುರು ಕೂತರು. ಉಕ್ಕಿನವು, ಚರ್ಮದವು, ಬಾಯಿ ಸೊಟ್ಟಗಾದವು. ಒಂದೊಂದರ ಕೊರಳಲ್ಲೂ ಒಂದೊಂದು ಗಂಟು. ಅವಳು ಕಟ್ಟಿದವು ಸಲೀಸಾಗಿ ಬಿಚ್ಚಿಕೊಂಡವು. ಕಪಾಟಿನ ಮೇಲ್ಗಡೆ ಯಾರೂ ಮುಟ್ಟದೆ ಉಳಿದಿದ್ದ ಕೆಲವು ಅಪ್ಪನೇ ಕಟ್ಟಿದ್ದವು, ಎಣ್ಣೆ ಹೀರಿ ಮರದಂತಾಗಿದ್ದವು. ಉಗುರಿಗೆ ಬಗ್ಗಲಿಲ್ಲ. ತಮ್ಮ ಹಲ್ಲಿನಿಂದ ಕಚ್ಚಿ ಬಿಡಿಸಿದ. ಅಪ್ಪನ ಕೈ ಸೋಕಿದ್ದು ಅಂತ ಆ ಮನೆಯಲ್ಲಿ ಉಳಿದದ್ದು ಅಷ್ಟೇ. ಎಲ್ಲವನ್ನೂ ಬಾಣಲೆಗೆ ಹಾಕಿ ಹಿತ್ತಿಲಲ್ಲಿ ಸುಟ್ಟರು. ಹೊಗೆಗೆ ಕಣ್ಣುರಿಯುತ್ತಿದೆ ಎಂದು ಇಬ್ಬರೂ ಕಣ್ಣೊರೆಸಿಕೊಂಡರು.

ಮರುದಿನ ಹೊರಡುವಾಗ ಅವಳು ಚೀಲವನ್ನು ಕೊಡವಿ ನೋಡಿದಳು. ಸದಾ ಇರುತ್ತಿದ್ದ ಎಣ್ಣೆಬಟ್ಟೆಯನ್ನು ತೆಗೆದು ಒಲೆಗೆ ಹಾಕಿದಳು. ಮಸೂರ ಒರೆಸಲು ಹೊಸ ಬಿಳಿ ಬಟ್ಟೆಯ ತುಂಡೊಂದನ್ನು ಇಟ್ಟುಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು, ಕೇಳಿದ್ದಕ್ಕಷ್ಟೇ ಉತ್ತರ ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು.

ಠಾಣೆಯ ಬೆಂಚು ಖಾಲಿಯಿತ್ತು. ಗಾಡಿಯವ ಎಲ್ಲಿ ಎಂದು ಅವಳು ಕೇಳಲಿಲ್ಲ.

ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೆಲಸ ಶುರು ಮಾಡಿದಳು. ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತಿದ್ದ. ಹಿಡಿಯ ಬುಡದಲ್ಲಿ ತಯಾರಿಸಿದವರ ಮುದ್ರೆ ಇದೆ, ಅರ್ಧ ಸವೆದಿದೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮೇಲಿನ ನಂಬರೂ ಒರೆಯ ನಂಬರೂ ಒಂದೇ, ಜೋಡಿ ತಪ್ಪಿಲ್ಲ. ಹಿಡಿಯ ಮರ ಆ ಕಾಲದ್ದೇ.

"ಈ ಗೀರು ರಕ್ತ ಹರಿಯೋಕಾ?" ಎಂದ ಅವನು, ಅಲಗಿನ ಉದ್ದಕ್ಕಿದ್ದ ಕಾಲುವೆ ತೋರಿಸಿ.

"ಎಲ್ಲಾರೂ ಹಂಗೇ ಅಂತಾರೆ. ಅದು ತೂಕ ಕಮ್ಮಿ ಮಾಡೋಕೆ. ರಕ್ತಕ್ಕೆ ಕಾಲುವೆ ಯಾಕೆ ಸಾರ್, ಅದು ಹೆಂಗಿದ್ರೂ ಹರಿಯುತ್ತೆ."

"ಹಲ್ಲು?"

"ಹಲ್ಲು ಹೊಸದು. ಆಮೇಲೆ ಕೊರೆದಿದ್ದು."

"ಹಂಗಾದ್ರೆ ಬೆಲೆ?"

"ಹಲ್ಲಿಲ್ಲದೆ ಇದ್ದಿದ್ರೆ ಒಂದು ಬೆಲೆ ಇರೋದು. ಈಗ ಇದನ್ನ ಯಾರೂ ಮುಟ್ಟಲ್ಲ."

ಅವಳು ಮಸೂರವನ್ನು ಚೀಲಕ್ಕೆ ಹಾಕಿದಳು. ಮುಗಿಯಿತು ಎಂದುಕೊಂಡಳು. ಇನ್ಸ್‌ಪೆಕ್ಟರ್ ಬರೆದದ್ದನ್ನು ಓದಿಕೊಳ್ಳುತ್ತ, ತಲೆಯೆತ್ತದೆ, "ಅದನ್ನ ಒರೆಯೊಳಗೆ ಹಾಕಿಬಿಡಿ ಅಮ್ಮಾ. ನಂಗೆ ಕತ್ತಿ ಅಂದ್ರೆ ಕೈ ಕುಯ್ಕೊಳ್ಳೋ ಯೋಗ," ಎಂದ.

ಆಗ ಒಳಗಿನ ಕೋಣೆಯ ಬಾಗಿಲಾಚೆಯಿಂದ ಗಾಡಿಯವನ ದನಿ ಕೇಳಿತು. ಕಿರುಚುತ್ತಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಎಲ್ಲಿ ಇಳಿಸಲಿ ಎಂದು ಕೇಳುವಾಗ ಇರುತ್ತಿದ್ದಂಥದ್ದೇ ದನಿ. "ಹೇಳ್ತೀನಿ ಸಾರ್. ನೀವೇ ಹೇಳ್ಕೊಡಿ, ಏನು ಹೇಳ್ಬೇಕೋ ಅದನ್ನೇ ಹೇಳ್ತೀನಿ. ಕೈ ಮಾತ್ರ ಬೇಡ ಸಾರ್, ಗಾಡಿ ಎಳೀಬೇಕು."

ಅವಳು ಆ ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆಯಲಿಲ್ಲ. ಅವನು ಮತ್ತೆ ಅದೇ ಮಾತು ಹೇಳಿದ, ಈ ಬಾರಿ ಇನ್ನೂ ಮೆತ್ತಗೆ. ಆಮೇಲೆ ಯಾರೋ ನೀರು ಕುಡಿದ ಸದ್ದು. ಅವಳಿಗೆ ತನಗೂ ನೀರು ಬೇಕು ಅನ್ನಿಸಿತು.

ತಿರುಗಿದಾಗ ಇನ್ಸ್‌ಪೆಕ್ಟರ್ ಓದುವುದನ್ನು ನಿಲ್ಲಿಸಿದ್ದ. ಅವಳ ಮುಖ ನೋಡುತ್ತಿರಲಿಲ್ಲ. ಅವಳ ಕೈ ನೋಡುತ್ತಿದ್ದ.

ಬಯೋನೆಟ್ ಒರೆಯೊಳಗಿತ್ತು. ತೊಡೆಯ ಮೇಲೆ ಹೊಸ ಬಟ್ಟೆಯ ತುಂಡು ಬಿದ್ದಿತ್ತು, ನಡುವೆ ಒರೆಸಿದ ಕಂದುಗೆರೆ, ಒಂದು ಅಂಚು ಉದ್ದಕ್ಕೆ ಹರಿದುಹೋಗಿತ್ತು. ಅವಳ ಹೆಬ್ಬೆರಳು ಇನ್ನೂ ಒರೆಯ ಬಾಯಿಯ ಗಂಟಿನ ಮೇಲೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಅವಳು ಹೆಬ್ಬೆರಳನ್ನು ತೆಗೆದು ಒರೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಇನ್ಸ್‌ಪೆಕ್ಟರ್ ಎದ್ದು ಹೋಗಿ ಒಳಬಾಗಿಲು ತಟ್ಟಿ, "ಸಾಕು, ಬಿಡ್ರಯ್ಯ ಅವನನ್ನ," ಎಂದ. ಬಂದು ಕೂತು ಡ್ರಾಯರು ಎಳೆದ. ಪ್ಲಾಸ್ಟಿಕ್ ಕವರನ್ನು ಒರೆಯ ಪಕ್ಕದಲ್ಲಿ ಇಟ್ಟು, ಬೆರಳಿನಿಂದ ಸರಿಸಿ, ಗಂಟಿನ ಎದುರಿಗೆ ಗಂಟು ಬರುವ ಹಾಗೆ ಮಾಡಿದ. ಅವನ ಮುಖದಲ್ಲಿ ನಗುವಿರಲಿಲ್ಲ.

"ನಿಮ್ಮ ಅಂಗಡೀಲಿ ಇನ್ಯಾರು ಕೂರ್ತಾರೆ ಅಮ್ಮಾ?"

ಮೇಜಿನ ಮೇಲೆ ಎರಡು ಪಟ್ಟಿಗಳಿದ್ದವು, ಒಂದು ಕೊಳಕಾದದ್ದು, ಒಂದು ಹೊಸದು. ಎರಡರ ಬಾಲವೂ ಎಡಕ್ಕಿತ್ತು.