ಚಿಲಕದ ಮೇಲಿನ ಕೈ

ನಿಘಂಟು ಕಚೇರಿಯಲ್ಲಿ ಅವನಿಗೆ ನೋಡೋಣಪ್ಪ ಅಂತಲೇ ಹೆಸರು. ಟೀ ತರಿಸಲಾ ಅಂದರೂ ‘ನೋಡೋಣ’, ಫ್ಯಾನು ಹಾಕಲಾ ಅಂದರೂ ‘ನೋಡೋಣ’. ಇಂಥವನ ಮೇಜಿಗೆ ಆ ಇಂಗ್ಲಿಷ್ ಪದವೇ ಬರಬೇಕೇ! ಇರೆಸೊಲ್ಯೂಟ್. ಗಟ್ಟಿ ಮನಸ್ಸಿಲ್ಲದ, ಹಿಂದೆಮುಂದೆ ನೋಡುವ, ಮೀನಮೇಷ ಎಣಿಸುವ.

“ಇದಕ್ಕೆ ಅರ್ಥ ಯಾಕೆ ಸಾರ್, ನಿಮ್ಮ ಫೋಟೊ ಅಂಟಿಸಿದ್ರೆ ಸಾಕು,” ಅಂದಳು ಪಕ್ಕದ ಟೈಪಿಸ್ಟು.

ಅವನೂ ನಕ್ಕ. ಆಮೇಲೆ ಕಾರ್ಡಿನ ಮೇಲಿನ ಅಕ್ಷರ ನೋಡಿ ನಗು ಅಲ್ಲೇ ಒಣಗಿತು. ಅದು ಅಕ್ಕನ ಕೈಬರಹ. ಅಕ್ಕ ಮನೆಯಲ್ಲೇ ಕೂತು ಪದಗಳ ಕಾರ್ಡು ಬರೆಯುತ್ತಿದ್ದಳು, ತಿದ್ದುವ ಕೆಲಸ ಇವನದು. ಅವಳು ತೀರಿಹೋಗಿ ತಿಂಗಳಾಗಿತ್ತು. ಅವಳ ಮಗಳು ಕೊನೆಯ ಪೆಟ್ಟಿಗೆಯನ್ನು ಆ ಮಧ್ಯಾಹ್ನ ಕಳಿಸಿದ್ದಳು, ಜೊತೆಗೊಂದು ಚೀಟಿ: ‘ಐದು ಗಂಟೆ ಬಸ್ಸಿಗೆ ಹೊರಟೆ ಮಾಮ. ಇನ್ನು ಈ ಊರಿಗೆ ಬರಲ್ಲ.’

ಅಕ್ಕ ತಮ್ಮನ ನಡುವೆ ಮೂರು ವರ್ಷದಿಂದ ಮಾತಿರಲಿಲ್ಲ. ಅಮ್ಮನ ಆಪರೇಷನ್ ಕಾಗದಕ್ಕೆ ಸಹಿ ಹಾಕುವುದಾ ಬೇಡವಾ ಅಂತ ಇವನು ಮೂರು ದಿನ ಯೋಚಿಸಿದ. ನಾಲ್ಕನೇ ದಿನ ಅಮ್ಮನೇ ಇರಲಿಲ್ಲ. “ನಿನ್ನ ಮುಖ ತೋರಿಸಬೇಡ,” ಅಂದಿದ್ದಳು ಅಕ್ಕ. ಆಮೇಲೆ ಎಷ್ಟು ಸಂಜೆ ಎಡಗಾಲು ಎಳೆಯುತ್ತಾ ಅವಳ ಮೆಟ್ಟಿಲು ಹತ್ತಿದನೋ! ಬಾಗಿಲವರೆಗೆ ಹೋಗುವುದು, ಕೈ ಎತ್ತುವುದು, ತಟ್ಟದೆ ಇಳಿದುಬರುವುದು. ಅವಳಿಗೇನು ಗೊತ್ತು ಅಂದುಕೊಂಡಿದ್ದ ಪಾಪದವನು.

ಆ ಕಚೇರಿಯಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು: ಉದಾಹರಣೆ ವಾಕ್ಯದಲ್ಲಿ ‘ನಾನು’ ಬರಕೂಡದು, ‘ಅವನು’ ‘ಅವಳು’ ಅಂತಲೇ ಇರಬೇಕು. ಇಪ್ಪತ್ತು ವರ್ಷದಲ್ಲಿ ಅಕ್ಕ ಒಮ್ಮೆಯೂ ತಪ್ಪಿದವಳಲ್ಲ. ಈ ಕಾರ್ಡಿನಲ್ಲಿ ತಪ್ಪಿದ್ದಳು.

‘ಕಾಲೆಳೆಯುವ ಸದ್ದು ಮೆಟ್ಟಿಲ ಮೇಲೆ ಕೇಳಿತು. ನಾನು ಎದ್ದು ಹೋಗಿ, ಚಿಲಕದ ಮೇಲೆ ಕೈಯಿಟ್ಟು, ಇವತ್ತೂ ಹಾಗೇ ನಿಂತುಬಿಟ್ಟೆ.’

ಅವನು ಮತ್ತೊಮ್ಮೆ ಓದಿದ. ಅಯ್ಯೋ, ಅಷ್ಟೂ ಸಂಜೆ ಆ ಬಾಗಿಲ ಹಲಗೆಯ ಆಚೆ ಅವಳು ನಿಂತಿದ್ದಳೇ? ಕಚೇರಿಯ ಮುಚ್ಚಿದ ಬಾಗಿಲು ನೋಡಿದರೂ ಅದರ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತಾಯಿತು. ಕೆಂಪು ಪೆನ್ನು ತೆಗೆದ. ‘ನಾನು’ ಹೊಡೆದುಹಾಕಲೇ? ಬಿಡಲೇ? ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

“ಸಾರ್, ನಾಲ್ಕೂವರೆ. ಆ ಕಾರ್ಡು ಕೊಡ್ತೀರಾ?” ಟೈಪಿಸ್ಟು ಕೇಳಿದಳು.

‘ನೋಡೋಣ’ ಅನ್ನಲು ಬಾಯಿ ತೆರೆದವನು ಗಡಿಯಾರ ನೋಡಿ ದಡಬಡ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಕಾರ್ಡು ಜೇಬಿಗೆ ತುರುಕಿಕೊಂಡು ಓಡಿದ. ಕುಂಟುವವನ ಓಟ ನೋಡಿ ಬೀದಿಯ ಜನ ದಾರಿ ಬಿಟ್ಟರು.

ಅದೇ ಮೆಟ್ಟಿಲು, ಅದೇ ಬಾಗಿಲು. ಒಳಗೆ ಪೆಟ್ಟಿಗೆ ಎಳೆಯುತ್ತಿದ್ದ ಸದ್ದು ಇವನ ಕಾಲ ಸದ್ದಿಗೆ ಗಕ್ಕನೆ ನಿಂತಿತು. ಹೆಜ್ಜೆಗಳು ಬಾಗಿಲವರೆಗೆ ಬಂದವು. ನಿಂತವು. ಅಕ್ಕನದೇ ನಡಿಗೆ, ಮಗಳ ಕಾಲಲ್ಲಿ. ಹಿಂದಿರುಗಿ ಹೋಗಿಬಿಡು ಅಂತ ಮೈಯೆಲ್ಲ ಹೇಳಿತು.

ಅವನು ತಟ್ಟಿದ. ಮೂರು ವರ್ಷದ್ದೆಲ್ಲ ಸೇರಿಸಿ, ಮುಷ್ಟಿ ಕಟ್ಟಿ ತಟ್ಟಿದ.

“ಯಾರು?” ಬಾಗಿಲ ಆಚೆಯಿಂದ ಅಳು ಬೆರೆತ ದನಿ ಕೇಳಿತು. ಗೊತ್ತಿದ್ದೂ ಕೇಳುವ ದನಿ ಅದು.

“ನಾನು,” ಅಂದ.

ಚಿಲಕ ಸರಿಯಿತು. ಬಾಗಿಲ ಪಕ್ಕದಲ್ಲೇ, ಮೆಟ್ಟಿಲ ಸದ್ದು ಕೇಳುವಷ್ಟು ಹತ್ತಿರ, ಅಕ್ಕ ಕೂರುತ್ತಿದ್ದ ಕುರ್ಚಿ ಇತ್ತು. ಮನೆಯೆಲ್ಲ ಖಾಲಿಯಾಗಿದ್ದರೂ ಅದನ್ನು ಮಾತ್ರ ಯಾರೂ ಕದಲಿಸಿರಲಿಲ್ಲ.