ಆರನೇ ಚೌಕ

ಸ್ವಲ್ಪ ಕೂತ್ಕೊಳ್ಳಿ, ಇದನ್ನು ಪೂರ್ತಿ ಕೇಳಿಬಿಟ್ಟು ಆಮೇಲೆ ಏಳಿ.

"ಇದೇನು ಬಟ್ಟೆನೋ ದೋಸೆ ಹಿಟ್ಟೋ!" ಎಂದು ಅನಂತಲಕ್ಷ್ಮಿ ಕತ್ತರಿಯನ್ನು ಪಕ್ಕಕ್ಕೆ ಕುಕ್ಕಿದಳು. ಹಳೇ ಸೀರೆಗಳಲ್ಲಿ ಎಷ್ಟೋ ಕೌದಿ ಹೊಲಿದ ಕೈ ಅದು. ಆದರೆ ಟೀ ಶರ್ಟಿನ ಬಟ್ಟೆ ಎಳೆದತ್ತ ಹಿಗ್ಗುತ್ತಿತ್ತು, ಕತ್ತರಿಸಿದ ಅಂಚು ಸುರುಳಿ ಸುತ್ತುತ್ತಿತ್ತು.

"ಆಗ್ದಿದ್ರೆ ಬಿಡಿ ಆಂಟಿ, ಮೇಷ್ಟ್ರಿಗೆ ಗಡಿಯಾರ ಕೊಡ್ತೀವಿ" ಎಂದ ಕ್ಯಾಪ್ಟನ್ ಶ್ಯಾಮಸುಂದರ.

"ಗಡಿಯಾರ ಹೊದ್ಕೊಂಡು ಮಲಗ್ತಾರೇನೋ ಅವ್ರು? ಸುಮ್ನಿರು."

ಎಂಬತ್ತೇಳರ ಬೇಸಿಗೆ. ಅತ್ತಿಗುಪ್ಪೆಯ ಖಾಲಿ ಸೈಟಿನಲ್ಲಿ ಹುಡುಗರಿಗೆ ವಾಲಿಬಾಲ್ ಕಲಿಸಿದ ಏಕಾಂತಯ್ಯ ಮೇಷ್ಟ್ರು ನಿವೃತ್ತರಾಗಿ ಊರಿಗೆ ಹೊರಟಿದ್ದರು. ಆ ಸೈಟಿನಲ್ಲೂ ಆಗಲೇ ಪಾಯ ತೋಡಿಯಾಗಿತ್ತು. ಆಡಿ ಬಂದು ಅನಂತಲಕ್ಷ್ಮಿಯ ಮನೆಯ ಕೊಡ ಖಾಲಿ ಮಾಡುತ್ತಿದ್ದ ಹುಡುಗರು ಈಗ ಮೇಷ್ಟ್ರಿಗೆ ನೆನಪಿನ ಕೌದಿ ಹೊಲಿಸಲೆಂದು ತಮ್ಮ ನಂಬರಿನ ಟೀ ಶರ್ಟು ತಂದುಕೊಟ್ಟಿದ್ದರು. ಆರು ಜನರ ಟೀಮು, ಐದೇ ಶರ್ಟು.

"ಸೇತುರಾಮಂದು ಎಲ್ಲೋ?"

"ಅವ್ನ ಹೆಸ್ರು ಎತ್ಬೇಡಿ ಆಂಟಿ. ಫೈನಲ್ಸ್‌ಗೆ ಮುಂಚೆ ಗೋವಿಂದರಾಜನಗರದ ಟೀಮ್‌ಗೆ ಓಡಿದ್ನಲ್ಲ, ಅಲ್ಲೇ ಹೊಲಿಸ್ಕೊಳ್ಲಿ."

ಅವಳು ಶರ್ಟುಗಳನ್ನು ಬಿಸಿನೀರಲ್ಲಿ ಒಗೆದು, ಗಟ್ಟಿ ಗಂಜಿಯಲ್ಲಿ ಅದ್ದಿ, ಹಗ್ಗಕ್ಕೆ ಹಾಕದೆ ಅಂಗಳದ ನೆರಳಲ್ಲಿ ಚಾಪೆಯ ಮೇಲೆ ಹರವಿದಳು. ಹಪ್ಪಳದಂತೆ ಬಿರುಸಾದ ಮೇಲೆ ಚೌಕ ಕತ್ತರಿಸಿ, ಒಂದೊಂದರ ಹಿಂದೆಯೂ ಹಳೇ ಪಂಚೆಯ ತುಂಡಿಟ್ಟು ಹೊಲಿದಳು. ಈಗ ಬಟ್ಟೆ ಹೇಳಿದ ಮಾತು ಕೇಳಿತು. ಆ ದಿನಗಳಲ್ಲೆಲ್ಲ ಕಾಂಪೌಂಡಿನಾಚೆ ಒಂದು ಸೈಕಲ್ಲು ಬಂದು ನಿಧಾನಿಸಿ, ಮತ್ತೆ ಮುಂದೆ ಹೋಗುತ್ತಿತ್ತು. ಆರನೇ ಚೌಕಕ್ಕೆ ಬರೀ ಬಿಳಿ ಪಂಚೆ ಹಾಕಿ ಕೌದಿ ಮುಗಿಸಿದಳು.

ಬೀಳ್ಕೊಡುಗೆಯ ಸಂಜೆ ಸೇತುರಾಮ ಹಿತ್ತಲ ಬಾಗಿಲಿಗೆ ಬಂದ.

"ಗಂಜಿ ಹಾಕೇ ತಂದಿದೀನಿ ಆಂಟಿ. ನೀವು ಹಾಕೋದು ನೋಡಿದ್ದೆ."

ಅವನು ಮಡಚಿ ತಂದ ಶರ್ಟನ್ನು ಬಿಡಿಸಿದಳು. ಒದ್ದೆ ಗಂಜಿಯ ಭಾರಕ್ಕೆ ಶರ್ಟು ಜೋತುಬಿದ್ದು, ಎದೆಯ ಮೇಲಿನ ಮೂರನೇ ನಂಬರು ಪಡವಲಕಾಯಿಯ ಹಾಗೆ ಉದ್ದವಾಗಿತ್ತು.

"ಹಗ್ಗಕ್ಕೆ ಹಾಕಿದ್ಯೇನೋ, ಕತ್ತೆ?"

"ಹೂಂ. ಚಾಪೆ ಕಾಣ್ಲಿಲ್ಲ ಆಂಟಿ. ಕಾಂಪೌಂಡ್ ಅಡ್ಡ ಇತ್ತು."

ನಗಲು ಹೊರಟವಳು ಅವನ ಮುಖ ನೋಡಿ, ಉದ್ದವಾದ ನಂಬರನ್ನು ಅಂಗೈಯಲ್ಲಿ ಸವರಿದಳು.

"ನಾನು ಅಲ್ಲಿಗೆ ಬರಲ್ಲ. ಮೇಷ್ಟ್ರು ಹೊದ್ಕೊಂಡ್ರೆ ಸಾಕು."

ಗೇಟಿನಲ್ಲಿ ಸೈಕಲ್ ಬೆಲ್ಲುಗಳು. "ಆಂಟಿ, ರೆಡಿನಾ?" ಶ್ಯಾಮಸುಂದರನ ದನಿ.

ಕೌದಿ ತೊಡೆಯ ಮೇಲಿತ್ತು. ಅನಂತಲಕ್ಷ್ಮಿ ಸೂಜಿ ಡಬ್ಬಿಯಿಂದ ಬ್ಲೇಡು ತೆಗೆದಳು. ಬಿಳಿ ಚೌಕದ ಹೊಲಿಗೆಯ ಗಂಟು ಬೆರಳಿಗೆ ಸಿಕ್ಕಿತು.

ನೀವಾಗಿದ್ದರೆ ಬಿಚ್ಚುತ್ತಿದ್ದಿರಾ?